ಐರಿಸ್ ಎಂಬ ಉಕ್ಕಿನ ನೌಕೆ

ಅರಬೈಲು ಘಟ್ಟವನ್ನಿಳಿದು, ಸುಂಕಸಾಳವನ್ನು ಹಾದು, ಅಂಕೋಲೆಯತ್ತ ಸಾಗುವ ದಾರಿಯಲ್ಲಿ ಕಡಲನ್ನರಸಿ ಹೋದ ಸರಕುಗಳು ಒಂದೆರಡಲ್ಲ. ಅಮೆರಿಕದ ಅಂತರ್ಯುದ್ಧದಿಂದಾಗಿ ವಿಲಾಯಿತಿಯ ಗಿರಣಿಗಳಿಗೆ ಹತ್ತಿಯ ಅಭಾವವುಂಟಾಗಿ ಕಾರವಾರ ಬಂದರಕ್ಕೆ ಹೊಸ ಬೆಲೆ ಬಂದ ಕಾಲದಿಂದ ಮೊದಲುಗೊಂಡು ಧಾರವಾಡ ಸೀಮೆಯ ಹತ್ತಿಯ ಗಾಡಿಗಳೂ, ನಮ್ಮ ಕಣ್ಣೆದುರಿಗೇ, ಈ ಶತಮಾನದ ಮೊದಲ ದಶಕದಲ್ಲಿ, ಬೇಲೆಕೇರಿ ಮತ್ತು ಕಾರವಾರದ ಬಂದರುಗಳಿಗೆ ಬಳ್ಳಾರಿಯ ಅದಿರನ್ನು ಹೊತ್ತು ರಸ್ತೆಯನ್ನೆಲ್ಲ ಕೆಂಪು ಮಾಡಿದ ಲಾರಿಗಳೂ ಈ ದಾರಿಯನ್ನು ತುಳಿದಿವೆ. ಹತ್ತಿಗಿಂತಲೂ ಅದಿರಿಗಿಂತಲೂ ಹಿಂದೆ ಕಡಲು ಈ ಸೀಮೆಯಿಂದ ಬೇಡಿದ ವಸ್ತು ಮತ್ತೊಂದಿತ್ತು, ಅದು ಸಾಗವಾನಿ. ಯುದ್ಧನೌಕೆಯ ಚರಿತ್ರೆಯನ್ನು ಉತ್ತರ ಕನ್ನಡದ ಕಡೆಯಿಂದ ನೋಡಹೊರಟವನಿಗೆ ಮರವೇ ಮೊದಲು ಎದುರಾಗುವುದು ಸಹಜ. ಆ ಮರವನ್ನು ಪದಚ್ಯುತಗೊಳಿಸಿದ ಉಕ್ಕಿನ ಕಥೆಯನ್ನು ಹೇಳುವ ಅಧಿಕಾರವೂ, ಒಂದರ್ಥದಲ್ಲಿ, ಮರದ ಸೀಮೆಯವರಿಗೇ ಹೆಚ್ಚು.

ಕಾಳಿ ನದಿಯ ಮುಖದಲ್ಲಿ, ಕಾರವಾರಕ್ಕೆ ಎದುರು ದಂಡೆಯಲ್ಲಿರುವ ಸದಾಶಿವಗಡವು ಕೇವಲ ಕೋಟೆಯ ಗುಡ್ಡವೆಂದು ಇಂದು ಪ್ರವಾಸಿಗಳು ತಿಳಿಯುವುದುಂಟು. ಟೀಪು ಸುಲ್ತಾನನು 1796ರಲ್ಲಿ ತನ್ನ ನೌಕಾಬಲವನ್ನು ಹೊಸದಾಗಿ ಕಟ್ಟುವ ಸಲುವಾಗಿ ಹೊರಡಿಸಿದ ಶಾಸನದಲ್ಲಿ, ಮಂಗಳೂರಿನೊಡನೆ ಹೆಸರಿಸಲ್ಪಟ್ಟ ಕರಾವಳಿಯ ಸ್ಥಾನಗಳಲ್ಲಿ ಇದೂ ಒಂದು. ಇಪ್ಪತ್ತು ದೊಡ್ಡ ರಣನೌಕೆಗಳು, ಇಪ್ಪತ್ತು ಫ್ರಿಗೇಟುಗಳು, ಒಟ್ಟು 40 ಹಡಗುಗಳು ಕಟ್ಟಲ್ಪಡಬೇಕೆಂದು ಆ ಶಾಸನದ ಸಂಕಲ್ಪ. ಅಧಿಕಾರಿಗಳ ದರ್ಜೆ, ನಾವಿಕರ ಸಂಬಳ, ಕಚೇರಿಗಳ ವ್ಯವಸ್ಥೆ ಇವೆಲ್ಲವೂ ಅದರಲ್ಲಿ ಸಾಂಗವಾಗಿ ನಿರೂಪಿತವಾಗಿವೆ. ಆದರೆ 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಆ ನೌಕಾಬಲದ ಬಹುಭಾಗ ಕಾಗದದ ಮೇಲೆಯೇ ಉಳಿದಿತ್ತು. ಆ ಅರಸನ ದೂರದೃಷ್ಟಿಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆಜ್ಞೆಯಿಂದ ಸೈನ್ಯವನ್ನು ಕೂಡಿಸಬಹುದಾದಷ್ಟು ಶೀಘ್ರವಾಗಿ ನೌಕೆಯನ್ನು ಕೂಡಿಸಲಾಗುವುದಿಲ್ಲವೆಂಬುದಕ್ಕೆ ಅವನ ಅನುಭವವು ಸಾಕ್ಷಿಯಾಗಿದೆಯೆಂದಷ್ಟೇ ಹೇಳತಕ್ಕದ್ದು.

ಕನ್ನಡ ಜಿಲ್ಲೆಯು ಕುಂಪಣಿ ಸರಕಾರದ ವಶವಾದ ಮೇಲೆ ಪಶ್ಚಿಮ ಕರಾವಳಿಯ ಸಾಗವಾನಿಯ ಮೇಲೆ ಇಂಗ್ಲಿಷರ ಕಣ್ಣು ಮತ್ತಷ್ಟು ತೀಕ್ಷ್ಣವಾಗಿ ಬಿದ್ದಿತು. ಫ್ರಾನ್ಸಿನೊಡನೆ ನಡೆಯುತ್ತಿದ್ದ ದೀರ್ಘಯುದ್ಧದಲ್ಲಿ ಇಂಗ್ಲೆಂಡಿನ ಓಕ್ ಮರಗಳು ಬರಿದಾಗುತ್ತಿದ್ದುವು. 1806ರಲ್ಲಿ ಮಲಬಾರ್ ಮತ್ತು ತಿರುವಾಂಕೂರುಗಳಿಗೆ ಅರಣ್ಯಪಾಲಕನೊಬ್ಬನನ್ನು ನೇಮಿಸಿದುದರ ಹಿಂದೆ ನೌಕಾದಳದ ಈ ಹಸಿವೇ ಇತ್ತು. ಮುಂಬಯಿಯ ಹಡಗುಕಟ್ಟೆಯಲ್ಲಿ ಪಾರಸಿಗಳಾದ ವಾಡಿಯಾ ಮನೆತನದವರು ಈ ಮರದಿಂದ ಕಟ್ಟಿದ ರಣನೌಕೆಗಳ ಕೀರ್ತಿ ದೊಡ್ಡದು. 1810ರ ‘ಮಿಂಡನ್’, ನಾನ್‌ಕಿಂಗ್ ಒಪ್ಪಂದಕ್ಕೆ 1842ರಲ್ಲಿ ವೇದಿಕೆಯಾದ ‘ಕಾರ್ನ್‌ವಾಲಿಸ್’, 1827ರ ನವಾರಿನೋ ಕಾಳಗದಲ್ಲಿ ಸೇನಾಪತಿಯ ಧ್ವಜವನ್ನು ಹೊತ್ತ ‘ಏಷಿಯಾ’ ಇವೆಲ್ಲವೂ ಮುಂಬಯಿಯಲ್ಲಿ ಹುಟ್ಟಿದುವು. 1817ರಲ್ಲಿ ಅಲ್ಲಿಯೇ ನೀರಿಗಿಳಿದ ‘ಟ್ರಿಂಕೋಮಲೀ’ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಓಕ್ ಮರದಲ್ಲಿನ ಆಮ್ಲವು ಕಬ್ಬಿಣದ ಮೊಳೆಯನ್ನು ತಿಂದುಹಾಕುವುದು. ಸಾಗವಾನಿಯಾದರೋ ತನ್ನಲ್ಲಿರುವ ಎಣ್ಣೆಯಿಂದ ಅದನ್ನು ಕಾಪಾಡುವುದು. ಈ ಗುಣವೇ ಕಬ್ಬಿಣದ ಯುಗದಲ್ಲಿಯೂ ಸಾಗವಾನಿಗೆ ಕೆಲವು ಕಾಲ ಆಯುಷ್ಯವನ್ನು ಕೊಟ್ಟಿತು. 1860ರಲ್ಲಿ ನೀರಿಗಿಳಿದ ‘ವಾರಿಯರ್’ ಎಂಬ ಪ್ರಸಿದ್ಧ ಕಬ್ಬಿಣದ ನೌಕೆಯು ನಾಲ್ಕೂವರೆ ಅಂಗುಲದ ಕಬ್ಬಿಣದ ಕವಚವನ್ನು ತೊಟ್ಟಿತ್ತಷ್ಟೆ. ಆ ಕವಚದ ಬೆನ್ನಿಗೆ ಹದಿನೆಂಟು ಅಂಗುಲ ದಪ್ಪದ ಸಾಗವಾನಿಯ ಗೋಡೆಯಿತ್ತೆಂಬುದನ್ನು ಅನೇಕರು ಮರೆಯುತ್ತಾರೆ.

ಕಬ್ಬಿಣವು ಬಂದ ಮೇಲೆ ಉಕ್ಕು ಬರುವುದಕ್ಕೆ ಹೆಚ್ಚು ಕಾಲ ಬೇಕಾಗದೆಂದು ಯಾರಾದರೂ ಊಹಿಸಬಹುದು. ಹೆನ್ರಿ ಬೆಸಿಮರನು ಕಾದು ಕರಗಿದ ಬೀಡಿನ ಮೂಲಕ ಗಾಳಿಯನ್ನು ಊದಿ ಅಗ್ಗದ ಉಕ್ಕನ್ನು ಪಡೆಯುವ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದುದು 1856ರಲ್ಲಿ. ಆದರೂ ಮುಂದಿನ ಇಪ್ಪತ್ತು ವರ್ಷಗಳ ಕಾಲ ಬ್ರಿಟಿಷ್ ನೌಕಾ ಇಲಾಖೆಯು ಉಕ್ಕಿನಿಂದ ಒಂದು ಇಡೀ ಹಡಗನ್ನು ಕಟ್ಟುವ ಸಾಹಸಕ್ಕೆ ಇಳಿಯಲಿಲ್ಲ. ಇದನ್ನು ಸರಕಾರಿ ನೌಕರರ ಜಡತ್ವವೆಂದು ಜರೆದವರು ಆಗಲೂ ಇದ್ದರು. ನನಗಾದರೆ ಆ ಹಿಂಜರಿಕೆಯಲ್ಲಿ ವಿವೇಕವೇ ಹೆಚ್ಚಾಗಿ ಕಾಣುತ್ತದೆ. ಬೆಸಿಮರನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷಗಳೊಳಗಾಗಿ ಮುಗಿದುಹೋಗುವ ಆ ಪಾಕದ ಹದವನ್ನು ನಡುವೆ ತೆಗೆದು ನೋಡುವ ಅವಕಾಶವೇ ಇರಲಿಲ್ಲ. ಒಂದು ತಗಡು ರೇಷ್ಮೆಯಂತೆ ಬಾಗಿದರೆ, ಅದೇ ಕಾರ್ಖಾನೆಯಿಂದ ಅದೇ ದಿನ ಬಂದ ಮತ್ತೊಂದು ತಗಡು ಯಾರೂ ಮುಟ್ಟದಿರುವಾಗಲೇ ಬಿರುಕು ಬಿಡುತ್ತಿತ್ತು. ರಿವೆಟ್ಟಿಗಾಗಿ ತೂತು ಹೊಡೆದರೆ ತೂತಿನ ಸುತ್ತಲಿನ ಲೋಹವು ಪೆಡಸಾಗಿ, ಅಲ್ಲಿಂದಲೇ ಸೀಳು ಆರಂಭವಾಗುತ್ತಿತ್ತು. ಕೆಂಪಗೆ ಕಾಯಿಸಿ ಬಾಗಿಸಿದರೆ ಸರಿ, ತಣ್ಣಗಿರುವಾಗ ಬಾಗಿಸಿದರೂ ಸರಿ. ನಡುವಣ ಮಂದ ಶಾಖದಲ್ಲಿ ಪೆಟ್ಟು ಬಿದ್ದರೆ ಮಾತ್ರ ಅದು ಕಾಜಿನಂತೆ ವರ್ತಿಸುತ್ತಿತ್ತು. ಕಬ್ಬಿಣಕ್ಕೆ ಶಕ್ತಿ ಕಡಮೆಯಿದ್ದರೂ ಶೀಲವು ಸ್ಥಿರವಾಗಿತ್ತು; ಉಕ್ಕಿನ ಶಕ್ತಿ ಹಿರಿದು, ಶೀಲವು ಚಂಚಲ.

ಈ ಸ್ಥಿತಿಯಲ್ಲಿ ಮುಂದಿನ ಹೆಜ್ಜೆಯನ್ನಿಟ್ಟವರು ಫ್ರೆಂಚರು. ಲೂಯಿ ದ ಬುಸ್ಸಿ ಎಂಬ ಶಿಲ್ಪಿಯು ರಚಿಸಿದ ‘ರೆದೂತಾಬ್ಲ್’ ನೌಕೆಯ ಕೆಲಸವು 1873ರಲ್ಲಿ ಲೋರಿಯಾಂ ಹಡಗುಕಟ್ಟೆಯಲ್ಲಿ ಪ್ರಾರಂಭವಾಯಿತು. ಅದರ ಒಳಗಣ ಅಸ್ಥಿಪಂಜರವೆಲ್ಲ ಉಕ್ಕು. ನೀರಿಗೆ ತಾಗುವ ಹೊರಮೈ ಮಾತ್ರ ಕಬ್ಬಿಣ. ಅಷ್ಟರ ಮಟ್ಟಿಗೆ ಅವರಿಗೂ ಶಂಕೆಯಿತ್ತು. ಬ್ರಿಟಿಷ್ ನೌಕಾದಳದ ಮುಖ್ಯ ರಚನಾಕಾರನಾದ ನೆಥೇನಿಯಲ್ ಬಾರ್ನಬಿಯು ಫ್ರೆಂಚರ ಈ ಕೆಲಸವನ್ನು ಗಮನಿಸಿದವನಾಗಿ, 1875ರ ಮಾರ್ಚಿಯಲ್ಲಿ ನೌಕಾಶಿಲ್ಪಿಗಳ ಸಂಸ್ಥೆಯ ಸಭೆಯೆದುರಿಗೆ ಒಂದು ಪ್ರಬಂಧವನ್ನು ಓದಿದನು. ಉಕ್ಕಿನ ಕಾರ್ಖಾನೆಯವರನ್ನು ಅವನು ಬಹಿರಂಗವಾಗಿ ಕೇಳಿದುದರ ತಾತ್ಪರ್ಯವಿಷ್ಟು: ಕೆಲಸಗಾರನು ಅಂಜಿ ಅಂಜಿ ಮುಟ್ಟಬೇಕಾಗಿಲ್ಲದ, ವಿಶೇಷ ಉಪಚಾರವನ್ನು ಬೇಡದ, ಕಬ್ಬಿಣದಷ್ಟೇ ನೆಚ್ಚಿಕೆಗೆ ಅರ್ಹವಾದ ಉಕ್ಕನ್ನು ನೀವು ಕೊಡಬಲ್ಲಿರಾ? ರಾಜ್ಯದ ದೊಡ್ಡ ಗಿರಾಕಿಯೊಬ್ಬನು ತನ್ನ ಅವಿಶ್ವಾಸವನ್ನು ಹೀಗೆ ಸಭೆಯಲ್ಲಿ ಒಪ್ಪಿಕೊಂಡುದು ಆ ಕಾಲದ ಯಂತ್ರಶಾಸ್ತ್ರದ ಇತಿಹಾಸದಲ್ಲಿ ಒಂದು ಮುಖ್ಯ ಘಟನೆ.

ಉತ್ತರವು ವೇಲ್ಸ್ ಪ್ರಾಂತದ ಸ್ವಾನ್ಸೀ ನಗರದ ಬಳಿಯಿರುವ ಲ್ಯಾಂಡೋರಿನಿಂದ ಬಂತು. ಅಲ್ಲಿ ವಿಲಿಯಂ ಸೀಮೆನ್ಸನ ಕುಲುಮೆಗಳಿದ್ದುವು; ಜೇಮ್ಸ್ ರೈಲಿ ಎಂಬವನು ಅವುಗಳ ವ್ಯವಸ್ಥಾಪಕನಾಗಿದ್ದನು. ಸೀಮೆನ್ಸ್ ಮತ್ತು ಫ್ರಾನ್ಸಿನ ಮಾರ್ತೆಂ ಇವರ ಹೆಸರುಗಳಿಂದ ಪ್ರಸಿದ್ಧವಾದ ಆ ತೆರೆದೊಲೆಯ ವಿಧಾನದಲ್ಲಿ ಲೋಹವು ಆಳವಿಲ್ಲದ ಹಾಸಿನ ಮೇಲೆ ಗಂಟೆಗಟ್ಟಲೆ ಬೇಯುವುದು. ಬೇಯುತ್ತಿರುವಾಗಲೇ ಒಂದು ಸೌಟು ತೆಗೆದು, ಆರಿಸಿ, ಮುರಿದು, ಅದರ ಹದವನ್ನು ಪರೀಕ್ಷಿಸಿ, ಬೇಕಾದುದನ್ನು ಸೇರಿಸಿ ಸರಿಪಡಿಸಬಹುದು. ಬೆಸಿಮರನ ಮಾರ್ಗವು ವೇಗವನ್ನು ಕೊಟ್ಟರೆ ಈ ಮಾರ್ಗವು ಅವಧಾನಕ್ಕೆ ಎಡೆಗೊಟ್ಟಿತು. ನೌಕಾದಳಕ್ಕೆ ಬೇಕಾಗಿದ್ದುದು ಎರಡನೆಯದು.

ನೌಕಾ ಇಲಾಖೆಯು ವಿಧಿಸಿದ ಪರೀಕ್ಷೆಗಳನ್ನು ಸ್ವಲ್ಪ ವಿವರವಾಗಿಯೇ ಹೇಳುವೆನು, ಏಕೆಂದರೆ ಈ ಕಥೆಯ ಸಾರವು ಬಹುಮಟ್ಟಿಗೆ ಅವುಗಳಲ್ಲಿದೆ. ತಗಡಿನಿಂದ ಕತ್ತರಿಸಿದ ಪಟ್ಟಿಯನ್ನು ಯಂತ್ರಕ್ಕೆ ಕಟ್ಟಿ ಎಳೆದಾಗ ಅದು ಚದರ ಅಂಗುಲಕ್ಕೆ 26 ಟನ್ನಿಗಿಂತ ಕಡಮೆಯಲ್ಲಿ ತುಂಡಾಗಕೂಡದು. 30 ಟನ್ನನ್ನು ಮೀರಿಯೂ ತಾಳಕೂಡದು. ಈ ಎರಡನೆಯ ನಿರ್ಬಂಧವು ಓದುಗರಿಗೆ ವಿಚಿತ್ರವಾಗಿ ತೋರಬಹುದು. ಶಕ್ತಿ ಹೆಚ್ಚಾದರೆ ನಷ್ಟವೇನು? ಶಕ್ತಿ ಮಿತಿಮೀರಿದ ಉಕ್ಕು ಪೆಡಸಾಗಿಯೂ ಇರುವುದೆಂಬುದೇ ನಷ್ಟ. ಆದುದರಿಂದಲೇ ತುಂಡಾಗುವ ಮುನ್ನ ಎಂಟು ಅಂಗುಲದ ಅಳತೆಯಲ್ಲಿ ಶೇಕಡಾ 20ರಷ್ಟಾದರೂ ಅದು ಹಿಗ್ಗಬೇಕೆಂದು ವಿಧಿಸಿದರು. ಒಳ್ಳೆಯ ಕಬ್ಬಿಣದ ತಗಡು ಎಳೆಯ ದಿಕ್ಕಿನಲ್ಲಿ 22 ಟನ್ನನ್ನೂ ಅಡ್ಡದಿಕ್ಕಿನಲ್ಲಿ 18 ಟನ್ನನ್ನೂ ತಾಳಿದರೆ ಸಾಕೆಂದಿದ್ದ ಕಾಲದಲ್ಲಿ, ಉಕ್ಕು ಎರಡೂ ದಿಕ್ಕುಗಳಲ್ಲಿ ಒಂದೇ ಗುಣವನ್ನು ತೋರಬೇಕಾಯಿತು. ಇದಾದ ಮೇಲೆ ಬಿಸಿಯ ಪರೀಕ್ಷೆ. ಪಟ್ಟಿಯನ್ನು ಮಂದವಾದ ಕೆಂಪಿಗೆ ಕಾಯಿಸಿ, 82 ಡಿಗ್ರಿ ಫ್ಯಾರನ್‌ಹೀಟಿನ ನೀರಿನಲ್ಲಿ ಅದ್ದಿ, ಅನಂತರ ಅದರ ದಪ್ಪದ ಒಂದೂವರೆಯಷ್ಟು ತ್ರಿಜ್ಯವುಳ್ಳ ಬಾಗಿಗೆ ಮಡಿಚಬೇಕು. ಎಲ್ಲಿಯೂ ಬಿರುಕು ಕಾಣಿಸಕೂಡದು. ನಮ್ಮ ಹಳ್ಳಿಯ ಕಮ್ಮಾರನು ಕತ್ತಿಯ ಬಾಯನ್ನು ಕಾಯಿಸಿ ನೀರಿಗದ್ದುವುದು ಅದು ಗಡುಸಾಗಲೆಂದು; ಇಲ್ಲಿಯಾದರೋ ನೀರಿಗದ್ದಿದರೂ ಗಡುಸಾಗದಿರುವ ಉಕ್ಕೇ ಉತ್ತೀರ್ಣವಾದ ಉಕ್ಕು. ಕತ್ತಿಯ ಧರ್ಮ ಬೇರೆ, ಹಡಗಿನ ಧರ್ಮ ಬೇರೆ. ಬಂಡೆಗೆ ತಾಗಿದಾಗ ಬಾಗುವ, ನಗ್ಗುವ, ಆದರೆ ಸೀಳದಿರುವ ಮೃದುವಾದ ಉಕ್ಕನ್ನು ಈ ಪರೀಕ್ಷೆಯು ಆರಿಸಿ ತೆಗೆಯಿತು.

ಇಂತಹ ಉಕ್ಕಿನಿಂದ ಕಟ್ಟಲ್ಪಟ್ಟ ನೌಕೆಯೇ ‘ಐರಿಸ್’. ವೇಲ್ಸಿನ ಪೆಂಬ್ರೋಕ್ ಹಡಗುಕಟ್ಟೆಯಲ್ಲಿ 1875ರ ನವೆಂಬರಿನಲ್ಲಿ ಅದರ ಏರಾವನ್ನು, ಎಂದರೆ ಅಡಿತೊಲೆಯನ್ನು, ಇಟ್ಟರು. 1877ರ ಏಪ್ರಿಲ್ 12ರಂದು ಅದು ನೀರಿಗಿಳಿಯಿತು. ಅದರ ತಂಗಿಯಾದ ‘ಮರ್ಕ್ಯುರಿ’ಯು ಅದೇ ಕಟ್ಟೆಯಿಂದ ಮರುವರ್ಷ ಇಳಿಯಿತು. ಪಕ್ಕೆಲುಬಿನಿಂದ ಹಿಡಿದು ಹೊರಮೈವರೆಗೆ ಬ್ರಿಟಿಷ್ ನೌಕಾದಳದಲ್ಲಿ ಸರ್ವಾಂಗವೂ ಉಕ್ಕಾಗಿದ್ದ ಮೊದಲ ಯುದ್ಧನೌಕೆಗಳಿವು. ಲಂಬಗಳ ನಡುವಣ ಉದ್ದ 300 ಅಡಿ, ಅಗಲ 46 ಅಡಿ, ಭಾರ ಸುಮಾರು 3,700 ಟನ್ನು. ಇವುಗಳಿಗೆ ಕವಚವಿರಲಿಲ್ಲ, ಪಕ್ಕಗಳಲ್ಲಿ ತುಂಬಿದ ಕಲ್ಲಿದ್ದಲೇ ಗುಂಡಿಗೆ ಅಡ್ಡಗೋಡೆ. 64 ಪೌಂಡಿನ ಹತ್ತು ಫಿರಂಗಿಗಳನ್ನು ಹೊತ್ತಿದ್ದರೂ ಕಾದಾಟಕ್ಕಿಂತ ಓಟಕ್ಕೆಂದೇ ಹುಟ್ಟಿದ ಹಡಗುಗಳವು: ನೌಕಾಪಡೆಗೆ ಸುದ್ದಿಯನ್ನು ಮುಟ್ಟಿಸುವುದು, ಶತ್ರುವಿನ ಚಲನೆಯನ್ನು ಅರಸುವುದು ಅವುಗಳ ಕರ್ತವ್ಯವಾಗಿತ್ತು. ಉಕ್ಕಿನ ತೆಳುವಾದ ತಗಡು ಕಬ್ಬಿಣದ ದಪ್ಪ ತಗಡಿನ ಕೆಲಸವನ್ನು ಮಾಡಬಲ್ಲುದಾದ್ದರಿಂದ ಮೈಯ ಭಾರದಲ್ಲಿ ಉಳಿದುದನ್ನೆಲ್ಲ ಯಂತ್ರಕ್ಕೂ ಬಾಯ್ಲರುಗಳಿಗೂ ಒದಗಿಸಲು ಸಾಧ್ಯವಾಯಿತು. ಲಂಡನ್ನಿನ ಮಾಡ್ಸ್‌ಲಿ ಕಾರ್ಖಾನೆಯ ಅಡ್ಡಮಲಗಿದ ಯಂತ್ರಗಳು, ಹನ್ನೆರಡು ಬಾಯ್ಲರುಗಳು, ಎರಡು ಪ್ರೊಪೆಲ್ಲರುಗಳು. ಗಂಟೆಗೆ 17 ನಾವಿಕ ಮೈಲಿಗಳನ್ನಾದರೂ, ಎಂದರೆ 17 ನಾಟುಗಳನ್ನಾದರೂ, ಅದು ಓಡಬೇಕೆಂದು ರಚನಾಕಾರರ ಲೆಕ್ಕ.

ಪರೀಕ್ಷೆಯ ದಿನ ಬಂತು. ಇಂತಹ ಪರೀಕ್ಷೆಗೆ ಕರಾವಳಿಯಲ್ಲಿ ಅಳತೆಯ ಮೈಲಿಯೊಂದನ್ನು ಗೊತ್ತುಪಡಿಸಿರುತ್ತಾರೆ. ದಡದ ಮೇಲೆ ಎರಡು ಜೋಡಿ ಕಂಬಗಳು. ಒಂದು ಜೋಡಿಯ ಕಂಬಗಳೆರಡೂ ಒಂದರ ಹಿಂದೊಂದು ನಿಂತಂತೆ ಕಂಡಾಗ ಹಡಗಿನ ಮೇಲಿನ ಗಡಿಯಾರವನ್ನು ಗುರುತಿಸುವುದು, ಎರಡನೆಯ ಜೋಡಿ ಹಾಗೆಯೇ ಕಂಡಾಗ ಮತ್ತೆ ಗುರುತಿಸುವುದು. ನಡುವಣ ದೂರ 6,080 ಅಡಿ, ಒಂದು ನಾವಿಕ ಮೈಲಿ. ಉಬ್ಬರವಿಳಿತದ ಸೆಳೆತವು ಲೆಕ್ಕವನ್ನು ಕೆಡಿಸದಂತೆ ಸೆಳೆತದೊಡನೆ ಒಮ್ಮೆ, ಎದುರಾಗಿ ಒಮ್ಮೆ, ಹೀಗೆ ಹಲವು ಸಲ ಓಡಿಸಿ ಸರಾಸರಿಯನ್ನು ತೆಗೆಯಬೇಕು. ‘ಐರಿಸ್’ ಓಡಿತು. ಯಂತ್ರಗಳು ನಿರೀಕ್ಷೆಗೆ ಮೀರಿದ ಶಕ್ತಿಯನ್ನು, ಏಳು ಸಾವಿರದ ಐದುನೂರು ಕುದುರೆಗಳ ಸಮೀಪದಷ್ಟನ್ನು, ತೋರಿಸಿದುವು. ವೇಗ ಮಾತ್ರ 16.6 ನಾಟಿನ ಆಸುಪಾಸಿನಲ್ಲಿ ನಿಂತುಹೋಯಿತು. ಮೈಯ ಉಕ್ಕಿನಲ್ಲಿ ದೋಷವಿಲ್ಲ, ಯಂತ್ರದಲ್ಲಿ ದೋಷವಿಲ್ಲ, ಕಲ್ಲಿದ್ದಲು ಉರಿಯುತ್ತಿದೆ, ಹೊಗೆ ಏಳುತ್ತಿದೆ. ಆದರೂ ಶಕ್ತಿಯ ಒಂದು ದೊಡ್ಡ ಪಾಲು ಎಲ್ಲಿಯೋ ಸೋರಿಹೋಗುತ್ತಿದೆ.

ಸೋರಿಕೆಯ ಸ್ಥಳವನ್ನು ಕಂಡುಹಿಡಿದ ರೀತಿಯು ಬಹಳ ಸರಳವಾದುದು, ಆದುದರಿಂದಲೇ ಮೆಚ್ಚತಕ್ಕದ್ದು. ಹಡಗಿಗೆ ತೊಡಿಸಿದ್ದ ಪ್ರೊಪೆಲ್ಲರುಗಳು ನಾಲ್ಕು ಅಲಗಿನವು, ಹದಿನೆಂಟೂವರೆ ಅಡಿ ವ್ಯಾಸದವು. ಅಲಗು ದೊಡ್ಡದಾದಷ್ಟೂ ಅದು ನೀರನ್ನು ಚೆನ್ನಾಗಿ ಹಿಡಿಯುವುದೆಂಬುದು ಆಗಿನ ನಂಬಿಕೆ. ಪ್ರತಿಯೊಂದು ಪ್ರೊಪೆಲ್ಲರಿನಿಂದಲೂ ಎರಡೆರಡು ಅಲಗುಗಳನ್ನು ಕಳಚಿ, ಉಳಿದೆರಡರಿಂದಲೇ ಹಡಗನ್ನು ಓಡಿಸಿ ನೋಡಿದರು. ಅಷ್ಟೇ ವೇಗಕ್ಕೆ ಮೊದಲಿಗಿಂತ ಗಣನೀಯವಾಗಿ ಕಡಮೆ ಶಕ್ತಿ ಸಾಕಾಯಿತು! ಅಗಲವಾದ ಅಲಗುಗಳು ಹಡಗನ್ನು ದೂಡುವುದರ ಜೊತೆಗೆ ನೀರನ್ನು ವೃಥಾ ಉಜ್ಜುತ್ತ ಯಂತ್ರದ ದುಡಿಮೆಯನ್ನು ತಿನ್ನುತ್ತಿದ್ದುವೆಂಬುದು ಸ್ಪಷ್ಟವಾಯಿತು. ಆಮೇಲೆ ಹದಿನಾರು ಅಡಿಗಿಂತ ತುಸುವೇ ಹೆಚ್ಚಿನ ವ್ಯಾಸದ ಹೊಸ ಪ್ರೊಪೆಲ್ಲರುಗಳನ್ನು ಎರಕ ಹೊಯ್ದು ತೊಡಿಸಲಾಯಿತು. ಮೈ ಅದೇ, ಬಾಯ್ಲರು ಅದೇ, ಯಂತ್ರದ ಶಕ್ತಿಯೂ ಹೆಚ್ಚು ಕಡಮೆ ಅದೇ, ವೇಗವು 18.5 ನಾಟನ್ನು ದಾಟಿತು. ಹಡಗಿನ ವೇಗವನ್ನು ಸ್ವಲ್ಪ ಹೆಚ್ಚಿಸಲೂ ಶಕ್ತಿಯನ್ನು ಎಷ್ಟು ಅಧಿಕವಾಗಿ ಸುರಿಯಬೇಕೆಂಬುದನ್ನು ಬಲ್ಲವರಿಗೆ ಈ ಎರಡು ನಾಟುಗಳ ಬೆಲೆ ತಿಳಿಯುವುದು: ಶಕ್ತಿಯು ವೇಗದ ಘನಕ್ಕೆ ಅನುಸಾರವಾಗಿ ಏರುವುದೆಂಬ ಸ್ಥೂಲ ನಿಯಮದಂತೆ, ಹಳೆಯ ಪ್ರೊಪೆಲ್ಲರುಗಳಿಂದಲೇ ಇದನ್ನು ಸಾಧಿಸಬೇಕಾಗಿದ್ದರೆ ಮೂರನೆಯ ಒಂದು ಪಾಲಿಗಿಂತಲೂ ಮಿಗಿಲಾದ ಶಕ್ತಿಯನ್ನು ಹೊಸದಾಗಿ ಕೂಡಿಸಬೇಕಾಗುತ್ತಿತ್ತು. ಅದು ಇನ್ನೊಂದು ಬಾಯ್ಲರ್ ಕೋಣೆಯ ಮಾತು.

ಇಲ್ಲಿ ಕನ್ನಡಿಗರಿಗೆ ಕುತೂಹಲಕರವಾದ ಒಂದು ಸಂಗತಿಯುಂಟು. ಹಿಂದೆಲ್ಲ ಹಡಗನ್ನು ಅದರ ಪೂರ್ಣವೇಗದಲ್ಲಿ ಮಾತ್ರ ಓಡಿಸಿ ನೋಡಿ, ಬಂದ ಅಂಕಿಯನ್ನು ಜಾಹೀರು ಮಾಡಿ, ತೃಪ್ತರಾಗುತ್ತಿದ್ದರು. ಮೆಲ್ಲನೆ, ಮಧ್ಯಮವಾಗಿ, ವೇಗವಾಗಿ, ಹೀಗೆ ಬೇರೆ ಬೇರೆ ವೇಗಗಳಲ್ಲಿ ಓಡಿಸಿ, ಪ್ರತಿಯೊಂದಕ್ಕೂ ತಗುಲಿದ ಶಕ್ತಿಯನ್ನು ಅಳೆದು, ರೇಖಾಚಿತ್ರವಾಗಿ ಬರೆದು ನೋಡಬೇಕೆಂಬ ಪದ್ಧತಿಯನ್ನು ತಂದವನು ಸ್ಕಾಟ್ಲೆಂಡಿನ ಡಂಬಾರ್ಟನ್ನಿನ ಹಡಗುಗಾರನಾದ ವಿಲಿಯಂ ಡೆನ್ನಿ. ಅವನು 1875ರಲ್ಲಿ ಈ ಪರೀಕ್ಷೆಯನ್ನು ಮಾಡಿದ ಹಡಗು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಗೆಂದು ಕಟ್ಟಿದುದು. ಅದಕ್ಕೆ ಇಟ್ಟಿದ್ದ ಹೆಸರು ‘ಮರ್ಕಾರಾ’, ಎಂದರೆ ನಮ್ಮ ಕೊಡಗಿನ ಮಡಿಕೇರಿ. ಆ ಪರೀಕ್ಷೆಯ ಅಂಕಿಗಳನ್ನು ಕೈಗೆತ್ತಿಕೊಂಡ ವಿಲಿಯಂ ಫ್ರೌಡ್ ಎಂಬ ವಿದ್ವಾಂಸನು, ಯಂತ್ರವು ಹುಟ್ಟಿಸಿದ ಶಕ್ತಿಯಲ್ಲಿ ಹಡಗನ್ನು ನಿಜವಾಗಿ ಮುಂದಕ್ಕೆ ದೂಡುವುದು ಎಷ್ಟು, ಘರ್ಷಣೆಯಲ್ಲಿ ವ್ಯಯವಾಗುವುದು ಎಷ್ಟು ಎಂಬುದನ್ನು 1876ರಲ್ಲಿ ವಿಶ್ಲೇಷಿಸಿ ತೋರಿಸಿದನು. ಟಾರ್ಕೀ ಊರಿನಲ್ಲಿ ಉದ್ದವಾದ ನೀರಿನ ತೊಟ್ಟಿಯನ್ನು ಕಟ್ಟಿಸಿ, ಮೇಣದಿಂದ ಹಡಗಿನ ಚಿಕ್ಕ ಪ್ರತಿಕೃತಿಗಳನ್ನು ಮಾಡಿ, ಅವುಗಳನ್ನು ಎಳೆದು ಎದುರಾಗುವ ತಡೆಯನ್ನು ತೂಗುತ್ತಿದ್ದ ಈ ಮನುಷ್ಯನಿಗೆ ನೌಕಾಶಿಲ್ಪಶಾಸ್ತ್ರವು ಋಣಿಯಾಗಿದೆ. ಮೂವತ್ತು ಸಾವಿರ ಟನ್ನಿನ ಹಡಗೂ ಇಂದು ಮೊದಲು ಹುಟ್ಟುವುದು ಅಂತಹ ತೊಟ್ಟಿಯಲ್ಲಿಯೇ. ‘ಐರಿಸ್’ ತಪ್ಪಿದಾಗ ಅದರ ತಪ್ಪನ್ನು ಓದಬಲ್ಲ ಅಕ್ಷರಮಾಲೆಯು ಸಿದ್ಧವಾಗಿದ್ದುದು ಡೆನ್ನಿ ಮತ್ತು ಫ್ರೌಡರಿಂದ. ಬರಿಯ ಪೂರ್ಣವೇಗದ ಅಂಕಿಯನ್ನೇ ನಂಬಿದ್ದ ಹಿಂದಿನ ತಲೆಮಾರಿನವರು ಪ್ರಾಯಶಃ ಉಕ್ಕನ್ನೋ ಯಂತ್ರವನ್ನೋ ದೂಷಿಸಿ ಸುಮ್ಮನಾಗುತ್ತಿದ್ದರು. ಉಕ್ಕಿನ ನೌಕೆಗೆ ಆರಂಭದಲ್ಲಿಯೇ ಅಪಕೀರ್ತಿ ಅಂಟುತ್ತಿತ್ತು.

ಹಾಗಾಗಲಿಲ್ಲ. ದೊಡ್ಡ ಯುದ್ಧನೌಕೆಗಳಲ್ಲಿ ಆ ಕಾಲಕ್ಕೆ ಅತ್ಯಂತ ವೇಗವುಳ್ಳವೆಂಬ ಹೆಸರನ್ನು ಅಕ್ಕತಂಗಿಯರಿಬ್ಬರೂ ಪಡೆದರು. 1879ರಲ್ಲಿ ಕೆಲಸವಾರಂಭವಾದ ‘ಕೊಲಾಸಸ್’ ಮಹಾನೌಕೆಯ ಮೈಗೂ ಉಕ್ಕನ್ನೇ ಆರಿಸಿದರು. ಅಮೆರಿಕ ಸಂಸ್ಥಾನಗಳು 1883ರಲ್ಲಿ ತಮ್ಮ ಹೊಸ ನೌಕಾದಳಕ್ಕೆಂದು ಮಂಜೂರು ಮಾಡಿದ ‘ಅಟ್ಲಾಂಟಾ’, ‘ಬಾಸ್ಟನ್’, ‘ಷಿಕಾಗೋ’, ‘ಡಾಲ್ಫಿನ್’ ಎಂಬ ನಾಲ್ಕೂ ಉಕ್ಕಿನವು. ಇವುಗಳಲ್ಲಿ ‘ಡಾಲ್ಫಿನ್’ ತನ್ನ ಪರೀಕ್ಷೆಗಳಲ್ಲಿ ಎಡವಿ, ಸರಕಾರವು ಅದನ್ನು ಸ್ವೀಕರಿಸಲೊಪ್ಪದೆ, 1885ರಲ್ಲಿ ಅದರ ನಿರ್ಮಾಪಕನಾದ ಜಾನ್ ರೋಚನ ವ್ಯವಹಾರವೇ ಕುಸಿಯಿತು. ಪರೀಕ್ಷೆಯಲ್ಲಿ ತಪ್ಪಿದ ಎರಡು ನೌಕೆಗಳಲ್ಲಿ ಒಂದು ವಿದ್ಯೆಯನ್ನು ಬೆಳೆಸಿತು, ಇನ್ನೊಂದು ರಾಜಕೀಯದ ಕೆಸರಿನಲ್ಲಿ ಸಿಲುಕಿ ಕಟ್ಟಿದವನನ್ನೇ ಮುಳುಗಿಸಿತು; ವ್ಯತ್ಯಾಸವಿದ್ದುದು ಉಕ್ಕಿನಲ್ಲಲ್ಲ, ಪರೀಕ್ಷಿಸಿದವರ ಬುದ್ಧಿಯಲ್ಲಿ ಎಂದೇ ನನ್ನ ಅಭಿಪ್ರಾಯ. ‘ಐರಿಸ್’ ಯಾವ ಮಹಾಕಾಳಗದಲ್ಲಿಯೂ ಹೆಸರು ಮಾಡಲಿಲ್ಲ. ಶಾಂತಿಕಾಲದ ಸೇವೆಯಲ್ಲಿ ಸವೆದು 1905ರಲ್ಲಿ ಮಾರಾಟವಾಯಿತು. ‘ಮರ್ಕ್ಯುರಿ’ ಇನ್ನೂ ಕೆಲವು ವರ್ಷ ದುಡಿಯಿತು.

ಸದಾಶಿವಗಡದಲ್ಲಿ ಮರದ ರಣನೌಕೆಗಳನ್ನು ಕಟ್ಟಬೇಕೆಂದು ಆಜ್ಞೆಯಾದ ಎರಡು ಶತಮಾನಗಳ ಅನಂತರ ಕಾರವಾರಕ್ಕೆ ಉಕ್ಕಿನ ನೌಕೆಗಳು ಬಂದುವು. 1986ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾದ, ಇಲ್ಲಿ ನೌಕಾನೆಲೆಯನ್ನು ಕಟ್ಟುವ ಸೀಬರ್ಡ್ ಯೋಜನೆಗಾಗಿ ಅರ್ಗಾ ಮೊದಲಾದ ಕರಾವಳಿಯ ಊರುಗಳ ಸಾವಿರಾರು ಸಂಸಾರಗಳು ಮನೆ, ತೆಂಗು, ಗದ್ದೆ, ಮೀನಿನ ದಡಗಳನ್ನು ಬಿಟ್ಟು ಎದ್ದರೆಂಬುದನ್ನು ಈ ನೌಕಾನೆಲೆಯ ವೈಭವವನ್ನು ವರ್ಣಿಸುವವರು ನೆನಪಿನಲ್ಲಿಡಬೇಕು. 2005ರ ಮೇ 31ರಂದು ‘ಕದಂಬ’ ನೌಕಾನೆಲೆಯು ಸೇವೆಗೆ ಸೇರಿತು. ಅಲ್ಲಿಗೆ ಬರಬೇಕಾಗಿದ್ದ ‘ವಿಕ್ರಮಾದಿತ್ಯ’ವೆಂಬ ವಿಮಾನವಾಹಕ ನೌಕೆಯನ್ನು ರಷ್ಯದ ಸೆವೆರೊದ್ವಿನ್ಸ್ಕಿನಲ್ಲಿ ಹೊಸದಾಗಿ ಸಜ್ಜುಗೊಳಿಸಿ 2012ರಲ್ಲಿ ಕಡಲಿನ ಮೇಲೆ ಪರೀಕ್ಷೆಗೆ ಒಯ್ದಾಗ, ಪೂರ್ಣಶಕ್ತಿಯ ಓಟದಲ್ಲಿ ಬಾಯ್ಲರುಗಳೊಳಗಣ ಶಾಖನಿರೋಧಕ ಇಟ್ಟಿಗೆಯ ಹೊದಿಕೆ ಕೆಟ್ಟು, ಎಂಟು ಬಾಯ್ಲರುಗಳಲ್ಲಿ ಏಳು ನಿಷ್ಪ್ರಯೋಜಕವಾದುವೆಂದು ವರದಿಯಾಯಿತು. ಅವಸರಪಟ್ಟು ನೌಕೆಯನ್ನು ಸ್ವೀಕರಿಸಲಿಲ್ಲ; ಹೊದಿಕೆಯನ್ನು ಸರಿಪಡಿಸಿ, 2013ರಲ್ಲಿ ಮತ್ತೊಮ್ಮೆ ಕಡಲಿಗೆ ಒಯ್ದು ಓಡಿಸಿ ನೋಡಿ, ಅದೇ ವರ್ಷದ ನವೆಂಬರ್ 16ರಂದು ನೌಕಾದಳಕ್ಕೆ ಸೇರಿಸಿಕೊಂಡರು. 2014ರ ಜನವರಿಯಲ್ಲಿ ಅದು ಕಾರವಾರವನ್ನು ತಲುಪಿತು.